ಒತ್ತಕ್ಷರವಿಲ್ಲದ ನಾಲ್ಕು ಸಾಲು

ಏಪ್ರಿಲ್ ೪, ಭಾನುವಾರ

ಪ್ರೀತಿಯ ಅಕ್ಕನಿಗೆ,

ಬೈಯಬೇಡ. ನೀನು ಫೋನು ಮಾಡಿದಾಗಲೆಲ್ಲ ಕಾಗದ ಬರೆಯುತ್ತೇನೆಂದು ಜಾರಿಕೊಂಡವಳು ನಾನೇ. ಆಸ್ಪತ್ರೆಯ ಪರದೆಗಳ ಆರ್ಡರು ಬಂದು ಹೊಲಿಗೆ ಮಿಷಿನ್ ಬಿಟ್ಟು ಏಳಲಾಗಿರಲಿಲ್ಲ. ಭಾವ, ಎಂದಿನಂತೆ ನೀವೇ ಅಕ್ಕನಿಗೆ ಓದಿ ಹೇಳುತ್ತಿದ್ದೀರಿ ತಾನೇ? ನನ್ನ ಬೈಗುಳಗಳನ್ನು ನುಂಗಬೇಡಿ, ಇದ್ದ ಹಾಗೆ ಓದಿ.

ನನ್ನ ಚಿನಕುರಳಿ ಮಗಳಿಗೆ ಡಿಸ್ಲೆಕ್ಸಿಯಾ, ಅಂದರೆ ಅಕ್ಷರ ಗುರುತಿಸಿ ಓದುವುದೇ ಕಷ್ಟವಾಗುವ ತೊಂದರೆ, ಎಂದು ಗೊತ್ತಾದಾಗಿನಿಂದ ಶಾಲೆಯಲ್ಲಿ ಒಬ್ಬರು ಬೇರೆಯಾಗಿ ಪಾಠ ಹೇಳುತ್ತಿದ್ದಾರೆ. ತಟ್ಟೆಯಲ್ಲಿ ಮರಳು ಹರಡಿ ಬೆರಳಿನಿಂದ ಅಕ್ಷರ ತಿದ್ದಿಸುತ್ತಾರೆ. ಇವಳು ಅವರಿಗೆ ‘ಮರಳು ಟೀಚರ್’ ಎಂದು ಬರೆಯಲು ಹೋಗಿ ‘ಮರುಳು ಟೀಚರ್’ ಎಂದು ಬರೆದಿದ್ದಾಳೆ. ಅವರು ಹೊಟ್ಟೆ ಹುಣ್ಣಾಗುವಷ್ಟು ನಕ್ಕು, ಅದೂ ಸರಿಯೇ ಎಂದರಂತೆ. ಬೇಸಿಗೆ ರಜೆಯಲ್ಲೂ ಅವರ ಪಾಠ ನಿಲ್ಲಬಾರದೆಂದು ನಾನು ಶಾಲೆಯ ಮೆಟ್ಟಿಲು ಸವೆಸಿದೆ.

ಹೆಡ್ ಮೇಡಂ ನಿಯಮ ತೆಗೆದರು. ರಜೆಯಲ್ಲಿ ಕಲಿತದ್ದು ಮರೆತುಹೋಗುವ ಮಕ್ಕಳಿಗೆ ಮಾತ್ರ ಬೇಸಿಗೆ ಪಾಠವಂತೆ, ನಮ್ಮವಳು ಕಳೆದ ಸಲ ಏನೂ ಮರೆತಿರಲಿಲ್ಲವಂತೆ. ಮರೆಯುವುದಾದರೂ ಹೇಗೆ? ಆ ರಜೆಯಿಡೀ ಮಿಷಿನ್ ಪಕ್ಕ ಕೂರಿಸಿಕೊಂಡು ಗಂಟಲು ಹರಿದುಕೊಂಡಿದ್ದೆನಲ್ಲ! ಅವಳೂ ಅತ್ತಳು, ನಾನೂ ಅತ್ತೆ. ಹೊಸದೇನನ್ನೂ ಕಲಿಸಲು ನನಗೆ ಬರಲಿಲ್ಲ, ಇದ್ದದ್ದು ಜಾರದಂತೆ ಹಿಡಿದುಕೊಂಡೆ, ಅಷ್ಟೇ. ಅದೇ ನಮಗೆ ಮುಳುವಾಯಿತು. ಮೈಯೆಲ್ಲ ಉರಿದುಹೋಯಿತು.

ಆಗ ಮರಳು ಟೀಚರ್ ಎಲ್ಲರೆದುರೇ ಒಂದು ಮಾತು ಹೇಳಿದರು. “ಬೇಸಿಗೆಗೆ ಮುಂಚೆ ಬರೋ ಈ ಸಣ್ಣ ರಜೆಯಲ್ಲಿ ಅಮ್ಮ ಏನೂ ಹೇಳ್ಕೊಡೋದು ಬೇಡ. ಆಮೇಲೆ ಓದಿಸಿ ನೋಡೋಣ.” ಹೆಡ್ ಮೇಡಂ ಒಪ್ಪಿದರು.

ಮೊದಲ ದಿನ ಚಿನಕುರಳಿ ಕುಣಿದಾಡಿದಳು. ಆಮೇಲೆ ತಾನೇ ಪುಸ್ತಕ ಹಿಡಿದು ಬಂದು ಮಿಷಿನ್ ಪಕ್ಕ ನಿಂತಳು, ಇವತ್ತು ಓದಿಸುವುದಿಲ್ಲವಾ ಎಂದು. ಆಡಿಕೋ ಹೋಗು ಎಂದೆ. ಮರುದಿನವೂ ಬಂದಳು. ಪುಸ್ತಕ ಕಿತ್ತುಕೊಂಡು ಬೀರುವಿನ ಮೇಲಿಟ್ಟೆ. ಓದು ಓದು ಎಂದು ಅವಳ ಪ್ರಾಣ ತಿಂದ ಬಾಯಲ್ಲೇ ಬೇಡ ಎನ್ನುವುದು ಎಷ್ಟು ಕಷ್ಟವೆಂದು ನಿನಗೆ ಹೇಗೆ ಹೇಳಲಿ ಅಕ್ಕ.

ಶಾಲೆ ತೆರೆದ ದಿನ ಓದಿಸಿದರು. ಒತ್ತಕ್ಷರಗಳೆಲ್ಲ ಮಂಗಮಾಯ. ಹಗ್ಗ ಹೋಗಿ ಹಗ ಆಯಿತು, ಕಪ್ಪೆ ಹೋಗಿ ಕಪೆ ಆಯಿತು. ಹೆಡ್ ಮೇಡಂ ಕನ್ನಡಕ ತೆಗೆದಿಟ್ಟು, ಬೇಸಿಗೆ ಪಾಠ ಕೊಡೋಣ ಎಂದರು. ನನಗೆ ನಗು ತಡೆಯಲಾಗಲಿಲ್ಲ, ಮರಳು ಟೀಚರ ಕೈ ಹಿಡಿದುಕೊಂಡೆ. ತಿರುಗಿ ನೋಡಿದರೆ ಮಗು ಪುಸ್ತಕ ಎದೆಗವಚಿಕೊಂಡು ನನ್ನನ್ನೇ ನೋಡುತ್ತಿದೆ.

“ನಂಗೆ ಓದಕ್ಕೆ ಬರ್ಲಿಲ್ಲ ಅಂತ ನಿಂಗೆ ಖುಷಿನಾ ಅಮ್ಮ?”

ಅವಳ ಕೈ ಹಿಡಿದು ಮನೆಗೆ ಹೊರಟೆ. ದಾರಿಯುದ್ದಕ್ಕೂ ಇದ್ದದ್ದನ್ನು ಇದ್ದಂತೆ ಹೇಳಿದೆ. ಕೇಳಿಸಿಕೊಂಡು, ಮೊದಲೇ ಹೇಳಿದ್ದರೆ ಇನ್ನೂ ಜಾಸ್ತಿ ಮರೆಯುತ್ತಿದ್ದೆ ಎಂದಳು, ಕಳ್ಳಿ. ಆದರೂ ಅವತ್ತು ರಾತ್ರಿ ನನ್ನ ಪಕ್ಕ ಮಲಗಲಿಲ್ಲ.

ಹೊರಡುವ ಮುಂಚೆ ಮರಳು ಟೀಚರ್ ಕೇಳಿದ್ದರು, ಮನೆಯಲ್ಲಿ ಮುಂಚೆ ಯಾರಿಗಾದರೂ ಹೀಗಿತ್ತಾ, ಇದು ಎಷ್ಟೋ ಸಲ ರಕ್ತದಲ್ಲೇ ಬರುತ್ತದೆ ಎಂದು. ನನಗೆ ತಟ್ಟನೆ ನಿನ್ನ ಮುಖ ನೆನಪಾಯಿತು. ಮನೆಗೆ ಬಂದು ಮಗುವಿಗೆ ನಿನ್ನ ಕಥೆ ಹೇಳಿದೆ.

ಮಂಡಿನೋವಿಗೆ ಎಣ್ಣೆ ಹಚ್ಚಿಸಿಕೋ. ನಮ್ಮಿಬ್ಬರನ್ನೂ ಹರಸು.

ನಿನ್ನ,
ತಂಗಿ

ಮರೆತ ಮಾತು: ಭಾವ, ನಿಮ್ಮ ಕೆಲಸ ಇಲ್ಲಿಗೆ ಮುಗಿಯಿತು. ಕಾಗದವನ್ನು ಅಕ್ಕನ ಕೈಗೆ ಕೊಟ್ಟು ಆಚೆ ಹೋಗಿ. ಕೆಳಗಿನ ನಾಲ್ಕು ಸಾಲು ಅವಳೇ ಓದಲಿ, ಎಷ್ಟು ಹೊತ್ತಾದರೂ ಸರಿ. ಚಿನಕುರಳಿ ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಒತ್ತಕ್ಷರಗಳನ್ನೆಲ್ಲ ಆರಿಸಿ ತೆಗೆಸಿದ್ದಾಳೆ. ಕೊನೆಗೆ ‘ದಡ್ಡಿ ಅಲ್ಲ’ ಎಂದು ಬರೆದಿದ್ದೆ. “ಅದ್ರಲ್ಲಿ ಎರಡಿದೆ ಅಮ್ಮ, ದೊಡ್ಡಮ್ಮಂಗೆ ಕಷ್ಟ ಆಗುತ್ತೆ” ಎಂದು ಹೊಡೆದುಹಾಕಿ, ಬೇರೆ ಮಾತು ಅವಳೇ ಹೇಳಿಕೊಟ್ಟಳು.

ನೀನು ಓದಲಾರೆ ಎಂದು ಮನೆಯವರು ಶಾಲೆ ಬಿಡಿಸಿದರು.
ನಿನಗಾಗಿ ಜಗಳ ಆಡಲು ಯಾರೂ ಬರದೇ ಹೋದರು.
ರಜೆಗೆ ಬಾ. ನಾವು ಮೂವರೂ ಮರಳು ಹರಡಿ ಕೂರೋಣ.
ನೀನು ಜಾಣೆ.