ಪೆರ್ಲಾ ಕಲಿತದ್ದು

ಎಸ್ಬಿಯರ್, ಜನವರಿ ೧೪

ಮುದ್ದಿನ ಮೆರೆತೆ ಅಕ್ಕಾ,

ಮದುವೆಯಾಗಿ ಇನ್ನೂ ಹೊಸತು, ಆಗಲೇ ಹೇಳಬೇಕಾದ ಸುದ್ದಿ ರಾಶಿ ಬಿದ್ದಿದೆ. ಹೊಸ ಪರದೆ ಹಾಕಿದ್ದೇವೆ, ನಿಂಬೆಹಣ್ಣಿನ ಬಣ್ಣ, ಎಷ್ಟು ಚೆಂದ ಅಂತೀಯಾ. ಟೊರ್ಬೆನ್ ನನ್ನನ್ನು ಎಲ್ಲಿಗೂ ಒಬ್ಬಳನ್ನೇ ಬಿಡುವುದಿಲ್ಲ, ಅಷ್ಟು ಪ್ರೀತಿ. ಈ ಕಾಗದವನ್ನು ಪಕ್ಕದ ಮನೆಯ ಅಜ್ಜಿ ಅಂಚೆಗೆ ಹಾಕುತ್ತಾರೆ.

ಮದುವೆಯ ಊಟದಲ್ಲಿ ನೀನು ಅವನ ಹೆಬ್ಬಾವು ಪೆರ್ಲಾಳನ್ನು ಗೇಲಿ ಮಾಡಿದ್ದೆ. "ಹಾವಿಗೆ ಯಾವ ಪ್ರೀತಿ ಮಾರಾಯ್ತಿ, ನಿನ್ನ ಮೈಬಿಸಿ ಬೇಕು ಅದಕ್ಕೆ, ಅಷ್ಟೇ" ಅಂದಿದ್ದೆ. ನೀನು ಸೋತೆ. ಪೆರ್ಲಾಗೆ ಎಲ್ಲ ಗೊತ್ತಾಗುತ್ತಿತ್ತು. ಹಾವು ಸಾಕುವವರು ಗಾಜಿನ ಪೆಟ್ಟಿಗೆಗೆ ಕೈ ಹಾಕುವ ಮುಂಚೆ ಕೊಕ್ಕೆಯಿಂದ ಅದರ ಮೈಯನ್ನು ಮೆಲ್ಲಗೆ ತಟ್ಟುತ್ತಾರೆ. ಬಂದದ್ದು ಊಟದ ಇಲಿಯಲ್ಲ, ಎತ್ತಿಕೊಳ್ಳುವ ಕೈ ಎಂದು ಅದು ಕಲಿಯುತ್ತದೆ. ನಾನು ತಟ್ಟಿದರೆ ಪೆರ್ಲಾ ನಾಲಿಗೆ ಆಡಿಸುತ್ತ ತೋಳಿಗೆ ಹತ್ತುತ್ತಿದ್ದಳು. ಟೊರ್ಬೆನ್ ಜೋರಾಗಿ ತಟ್ಟುತ್ತಿದ್ದ. ಮೆಟ್ಟಿಲ ಮೇಲೆ ಅವನ ಹೆಜ್ಜೆ ಬಿದ್ದರೆ ಸಾಕು, ಸುರುಳಿಯೊಳಗೆ ತಲೆ ಹುದುಗಿಸಿಬಿಡುತ್ತಿದ್ದಳು.

"ಪಾಪ ಕಣೋ, ಹೆದರ್ತಾಳೆ" ಅಂದೆ.

"ಹೆದರಿಕೆನೂ ಇಲ್ಲ, ಗಿದರಿಕೆನೂ ಇಲ್ಲ. ಅದರ ಮಿದುಳು ಬಟಾಣಿ ಕಾಳಷ್ಟು. ನಿಂದಕ್ಕಿಂತ ಸ್ವಲ್ಪ ದೊಡ್ಡದು" ಎಂದು ನಕ್ಕ. ನಾನೂ ನಕ್ಕೆ. ಮಾತಾಡುವ ಮುಂಚೆ ಅವನು ನನ್ನ ಹೆಗಲನ್ನೂ ಹಾಗೆಯೇ ತಟ್ಟುತ್ತಾನೆ. ತಟ್ಟಿದರೆ ನಾನು ಸುಮ್ಮನಾಗಬೇಕು. ಅದು ನಮ್ಮಿಬ್ಬರ ಆಟ.

ಹೋದ ವಾರ ಪೆರ್ಲಾ ಅವನ ಹೆಬ್ಬೆರಳು ಕಚ್ಚಿದಳು. "ಬುದ್ಧಿ ಇದೆ ಅಂತೀಯಲ್ಲ, ಕಲೀಲಿ" ಎಂದು ಹೀಟರ್ ಆರಿಸಿ, ಕಿಟಕಿ ತೆರೆದು, ಕೋಣೆಗೆ ಬೀಗ ಹಾಕಿದ. ಹಾವಿಗೆ ತನ್ನದೆಂಬ ಬಿಸಿ ಇಲ್ಲ ಅಕ್ಕಾ, ನೀನು ಅಂದದ್ದು ಅಷ್ಟು ಮಾತ್ರ ನಿಜ. ಬೀಗ ತೆಗೆದಾಗ ಅವಳು ಬಾಗಿಲ ಕಡೆಯ ಗಾಜಿಗೆ ಮೂತಿ ಒತ್ತಿಕೊಂಡು ಮರಗಟ್ಟಿದ್ದಳು. ನಾನು ಮೆಲ್ಲಗೆ ತಟ್ಟಿ ನೋಡಿದೆ.

ಉಳಿದದ್ದೆಲ್ಲ ಚೆನ್ನಾಗಿದೆ. ಶನಿವಾರ ಪರದೆ ನೋಡಲು ಬಾ, ಅವತ್ತು ಅವನಿಗೆ ಕೆಲಸವಿದೆ. ಕಾರು ತಾ. ಫೋನ್ ಮಾಡಬೇಡ, ಅದು ಈಗ ಅವನ ಜೇಬಿನಲ್ಲಿರುತ್ತದೆ.

ಸುಖವಾಗಿರುವ ನಿನ್ನ ತಂಗಿ,
ತಿಲ್ಡೆ

ಮರೆತಿದ್ದೆ: ನನ್ನ ಚೀಲ ಸಿದ್ಧವಿದೆ. ಬಾಗಿಲು ತಟ್ಟಬೇಡ, ಗಂಟೆ ಒತ್ತು. ತಟ್ಟಿದ ಸದ್ದಾದರೆ ನಾನು ಅಲುಗಾಡುವುದಿಲ್ಲ. ಬಂದದ್ದು ನೀನೇ ಎಂದು ಗೊತ್ತಿದ್ದರೂ.