ಸಾಲಿನ ಕೊನೆಯ ಪದ

ಗುರುವಾರ, ಮಾರ್ಚ್ ೧೨
ರಿಹರ್ಸಲ್ ಕೋಣೆಯ ಹಿಂದಿನ ಮೆಟ್ಟಿಲು

ಪ್ರೀತಿಯ ತಮ್ಮನಿಗೆ ಅಕ್ಕನ ನೆನಪುಗಳು.

ಮೊದಲೇ ಬೈಯಬೇಡ. ನಿನ್ನ ಮಗಳು ಹುಟ್ಟಿದ ಸುದ್ದಿಗೆ ಉತ್ತರ ಬರೆಯಲು ಕೂತ ನಾನು, ಅವಳು ಶಾಲೆಗೆ ಸೇರಿದ ಮೇಲೆ ಬರೆಯುತ್ತಿದ್ದೇನೆ. ನಾಲ್ಕು ಸಲ ಶುರು ಮಾಡಿದೆ, ನಾಲ್ಕೂ ಸಲ ಹರಿದೆ. ಮೈಕಿನ ಮುಂದೆ ಪಟಪಟನೆ ಉದುರುವ ಮಾತು, ಕೈಗೆ ಪೆನ್ನು ಬಂದ ಕೂಡಲೇ ಮುಷ್ಕರ ಹೂಡುತ್ತದೆ.

ನನ್ನ ಓಡಾಟ ನಿಂತಿಲ್ಲ. ನಲವತ್ತಮೂರಕ್ಕೆ ಮಂಡಿನೋವು ಬಂದಿದೆ, ಬುದ್ಧಿ ಮಾತ್ರ ಬಂದಿಲ್ಲ. ಹೋದ ತಿಂಗಳು ಹಾಸಿಗೆ ಅಂಗಡಿಯೊಂದರ ಉದ್ಘಾಟನೆಯಲ್ಲಿ ರ‍್ಯಾಪ್ ಮಾಡಿದೆ. ಸರ್ಕಾರಗಳನ್ನು ಬೈದ ಬಾಯಲ್ಲೇ "ಸ್ಪ್ರಿಂಗಿಗೆ ಹತ್ತು ವರ್ಷ ಗ್ಯಾರಂಟಿ" ಎಂದೆ. ಮಾಲೀಕರು ಬಂದು, "ಚೆನ್ನಾಗಿತ್ತು ಮೇಡಂ. ಸ್ವಲ್ಪ ನಿಧಾನಕ್ಕೆ ಹೇಳಿದ್ರೆ ಆಫರ್ ಏನು ಅಂತ ಜನಕ್ಕೆ ಗೊತ್ತಾಗ್ತಿತ್ತು" ಎಂದರು. ನಕ್ಕೆಯಾ? ನಗು, ಪರವಾಗಿಲ್ಲ.

ನಿಧಾನ ನನಗೆಲ್ಲಿಂದ ಬರಬೇಕು? ಒಂದು ವಾರ ಸುಮ್ಮನೆ ಕೂತರೆ ಜನ ಮರೆತೇಬಿಡುತ್ತಾರೆ ಎನಿಸಿ ಚಡಪಡಿಸುತ್ತೇನೆ. ಈಗಿನ ಹುಡುಗಿಯರು ಬೆಂಕಿಯಂಥವರು. ಮೊನ್ನೆ ಒಬ್ಬಳು ಓಡಿ ಬಂದು, "ಅಕ್ಕಾ, ನಮ್ಮಮ್ಮ ನಿಮ್ಮ ದೊಡ್ಡ ಫ್ಯಾನು" ಎಂದಳು. ಆ ಪುಣ್ಯಾತ್ಗಿತ್ತಿಯ ಕೆನ್ನೆಗೆ ಬಾರಿಸಲೋ, ಅಪ್ಪಿಕೊಳ್ಳಲೋ ತಿಳಿಯಲಿಲ್ಲ.

ಮುಂದಿನ ಶನಿವಾರ ದೊಡ್ಡ ಕಾರ್ಯಕ್ರಮವಿದೆ. ನಮ್ಮ ಕಾಲದವರನ್ನೆಲ್ಲ ಸೇರಿಸಿ ಒಬ್ಬೊಬ್ಬರಿಂದ ಒಂದೊಂದು ಹೆಸರಾದ ಐಟಂ ಮಾಡಿಸುತ್ತಾರಂತೆ. ಆಯೋಜಕ ಫೋನ್ ಮಾಡಿ, "ನಿಮ್ದು ಅದೇ ಬೇಕು, 'ಓಡಿ ಓಡಿ'" ಎಂದ. ಒಪ್ಪಿಕೊಂಡೆ, ಮತ್ತೇನು ಮಾಡಲಿ? ದೊಡ್ಡ ವೇದಿಕೆಯಿಂದ ಕರೆ ಬಂದು ಎರಡು ವರ್ಷವಾಗಿತ್ತು.

ಅದು ಹುಟ್ಟಿದ ಆ ಸಂಜೆ ನಿನಗೆ ನೆನಪಿದೆ, ಗೊತ್ತು. ಆದರೂ ಬರೆಯುತ್ತೇನೆ, ಬಿಟ್ಟರೆ ನುಣುಚಿಕೊಳ್ಳುತ್ತೇನೆ. ನಮ್ಮಿಬ್ಬರ ರ‍್ಯಾಪಿನಲ್ಲಿ ಪ್ರತಿ ಸಾಲಿನ ಕೊನೆಯ ಪದ ನಿನ್ನದು. ನೀನದನ್ನು ಹೇಳುವಷ್ಟರಲ್ಲಿ ನಾನು ಉಸಿರೆಳೆದುಕೊಂಡು ಮುಂದಿನ ಸಾಲಿಗೆ ಹಾರಬೇಕು. ಹದಿಮೂರು ವರ್ಷ ಹಾಗೇ ನಡೆಯಿತು. ಅವತ್ತು ನಿನ್ನ ಪದ ನನ್ನ ಸಾಲಿಗೆ ಹೊಂದಲಿಲ್ಲ. ಇಬ್ಬರ ಮಾತೂ ಡಿಕ್ಕಿ ಹೊಡೆದವು. ನಾನು ಒಂದು ಕ್ಷಣವೂ ತಡೆಯದೆ ನಿನ್ನ ಕಡೆ ಕೈ ತೋರಿಸಿ ಎಸೆದೆ: "ತಮ್ಮನ ಬಾಯಿ ಬಂತು ನೋಡಿ, ಬುದ್ಧಿ ಹಿಂದೆ ಬರ್ತಿದೆ ಓಡಿ ಓಡಿ!" ಸಭೆ ಬಿದ್ದು ಬಿದ್ದು ನಕ್ಕಿತು. ನೀನೂ ನಕ್ಕೆ. ಆ ಒಂದೇ ಸಾಲಿನ ವಿಡಿಯೊ ತುಣುಕು ಊರೂರು ಸುತ್ತಿ ನನಗೆ ಹೆಸರು ತಂದಿತು. ನಿನಗೂ ತಂದಿತು, "ಓಡಿ" ಅಂತ. ಆ ಸಂಜೆಯ ಮರುದಿನ ಬೆಳಿಗ್ಗೆ ನೀನು ಬಂದು ಬಾಗಿಲಲ್ಲೇ ನಿಂತು ಹೇಳಿದೆ, "ಅಕ್ಕಾ, ನಂಗೆ ತಾಳ ಕೈಕೊಡ್ತಿದೆ. ನನ್ನಿಂದ ನಿನ್ನ ಹೆಸರು ಕೆಡೋದು ಬೇಡ." ನಾನು, "ಸ್ವಲ್ಪ ದಿನ ರೆಸ್ಟ್ ತಗೋ" ಎಂದೆ. ಒಂಬತ್ತು ವರ್ಷವಾಯಿತು. ನೀನು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುತ್ತಿದ್ದೀಯೆ.

ಇವತ್ತು ನಿನ್ನ ಜಾಗಕ್ಕೆ ಒಬ್ಬ ಹಾಸ್ಯನಟನನ್ನು ಕರೆಸಿದ್ದರು. ಒಳ್ಳೆಯ ಮನುಷ್ಯ, ಮುಖದ ತುಂಬ ವಿನಯ. "ಎಲ್ಲಿ ತಪ್ಪಬೇಕು ಹೇಳಿ ಮೇಡಂ, ಕರೆಕ್ಟಾಗಿ ತಪ್ತೀನಿ" ಎಂದ. ತಪ್ಪಿದ. ಎಲ್ಲರೂ ನಕ್ಕರು. ನಾನು ಕೈ ತೋರಿಸಿದೆ, ಬಾಯಿ ತೆರೆದೆ, ಮಾತು ಹೊರಡಲಿಲ್ಲ. ಮೂರು ಸಲ ಹಾಗೇ ಆಯಿತು. ಡಿಜೆ ಹುಡುಗಿ ಬೀಟ್ ನಿಲ್ಲಿಸಿ, "ಅಕ್ಕಾ, ನೀರು ಕುಡೀರಿ" ಎಂದಳು. ನೀರು ಕುಡಿಯಲು ಬಂದವಳು ಈ ಮೆಟ್ಟಿಲ ಮೇಲೆ ಕಾಗದ ಹಿಡಿದು ಕೂತಿದ್ದೇನೆ.

ನಿಜ ಹೇಳಬೇಕೆಂದರೆ, ಭಾನುವಾರ ಅಮ್ಮ ಫೋನಿನಲ್ಲಿ ಹೇಳಿದ ಒಂದು ಮಾತು ನನ್ನನ್ನು ಕೂರಲೂ ಬಿಡುತ್ತಿಲ್ಲ, ನಿಲ್ಲಲೂ ಬಿಡುತ್ತಿಲ್ಲ. ಪಾಪು ಹಾಡು ಹೇಳುತ್ತ, "ಅಪ್ಪಾ, ಚಪ್ಪಾಳೆ ಹಾಕು" ಎಂದರೆ ನೀನು, "ನಂಗೆ ತಾಳ ಬರಲ್ಲ ಪುಟ್ಟಾ, ಅಮ್ಮನ್ನ ಕೇಳು" ಎನ್ನುತ್ತೀಯಂತೆ. ಅಮ್ಮ ಅದನ್ನು ತಮಾಷೆಯೆಂದುಕೊಂಡು ಹೇಳಿದಳು.

ಒಳಗಿಂದ ಕರೆಯುತ್ತಿದ್ದಾರೆ. ನಿನ್ನ ಹೆಂಡತಿಯನ್ನು ಕೇಳಿದೆನೆಂದು ಹೇಳು. ಪಾಪುವಿಗೆ ಅತ್ತೆಯ ಮುತ್ತು. ನೀವು ಮೂವರೂ ನೂರು ಕಾಲ ತಣ್ಣಗಿರಿ.

ನಿನ್ನ
ಅಕ್ಕ

ತಾ.ಕ.: ಮೇಲಿನದೆಲ್ಲ ಸುತ್ತುಬಳಸು. ಹೇಳಬೇಕಾದ್ದು ಇಷ್ಟೇ. ಆ ಸಂಜೆಯ ರೆಕಾರ್ಡಿಂಗನ್ನು ಸೌಂಡ್ ಇಂಜಿನಿಯರ್ ಮರುದಿನ ಬೆಳಿಗ್ಗೆಯೇ ಕಳಿಸಿದ್ದ. ಕೇಳಿದೆ. ತಪ್ಪಿದ್ದು ನೀನಲ್ಲ. ಮೂರನೆಯ ಸಾಲನ್ನು ನುಂಗಿ ನಾಲ್ಕಕ್ಕೆ ಹಾರಿದವಳು ನಾನು. ನೀನು ಮೂರನೆಯ ಸಾಲಿನ ಪದವನ್ನು, ಹೇಳಬೇಕಾದ ಕ್ಷಣದಲ್ಲೇ, ಕೂದಲೆಳೆಯಷ್ಟೂ ಆಚೀಚೆಯಾಗದೆ ಹೇಳಿದ್ದೆ. ಇನ್ನೊಮ್ಮೆ ಕೇಳಿ ಅಳಿಸಿಹಾಕಿದೆ. ಅರ್ಧ ಗಂಟೆಯ ಮೇಲೆ ನೀನು ಬಾಗಿಲಲ್ಲಿ ಬಂದು ನಿಂತಾಗ ನನಗೆಲ್ಲ ಗೊತ್ತಿತ್ತು ತಮ್ಮಾ. ಗೊತ್ತಿದ್ದೇ ನಿನ್ನನ್ನು ಕಳಿಸಿದೆ. ಶನಿವಾರ ವೇದಿಕೆಯ ಮೇಲೆ ಇದನ್ನು ಹೇಳಬೇಕೆಂದಿದ್ದೇನೆ, ಆದರೆ ನನ್ನನ್ನು ನಾನೇ ನಂಬಲಾರೆ. ಮೆಸೇಜ್ ಮಾಡಿದ್ದರೆ ನೀನು ನೋಡುವ ಮೊದಲೇ ಅಳಿಸುತ್ತಿದ್ದೆ. ಅದಕ್ಕೇ ಈಗಲೇ ಎದ್ದು ಹೋಗಿ ಇದನ್ನು ಅಂಚೆ ಡಬ್ಬಿಗೆ ಹಾಕುತ್ತೇನೆ. ಅದರೊಳಗೆ ನನ್ನ ಕೈ ತೂರುವುದಿಲ್ಲ.