ಮೇಜಿನ ಮೇಲಿನ ಊರು

ಪ್ರೀತಿಯ ಅಣ್ಣಾ,

ನಿಮ್ಮ ಸೇನಾ ಕಚೇರಿಗೆ ನಾನು ರಟ್ಟಿನಲ್ಲಿ ಮಾಡಿಕೊಟ್ಟ ನಮ್ಮ ಬಂದರಿನ ಮಾದರಿಯಲ್ಲಿ ತಪ್ಪಿದೆಯೆಂದು ನಿನ್ನ ಕೈಕೆಳಗಿನ ಅಧಿಕಾರಿ ದೂರಿದರು. ನಿಜ. ಅಳತೆಯ ಪ್ರಕಾರ ನಮ್ಮ ಮನೆ ಎಳ್ಳಿನಷ್ಟಿರಬೇಕಿತ್ತು. ನಾನು ಕಡಲೆಕಾಳಿನಷ್ಟು ಮಾಡಿಬಿಟ್ಟೆ. ಇಲ್ಲದಿದ್ದರೆ ಮಹಡಿಯ ಮೇಲೆ ಒಣಹಾಕಿದ ಅಮ್ಮನ ಬಟ್ಟೆ ಕಾಣಿಸುತ್ತಲೇ ಇರಲಿಲ್ಲ.

ಆ ಮಾದರಿಗೆಂದು ಕಡಲಾಚೆಯ ದೊಡ್ಡ ದೇಶದ ರಟ್ಟಿನ ಹಡಗುಗಳಿಗೆ ಬೂದುಬಣ್ಣ ಬಳಿಯುವಾಗ ನಿನ್ನ ಮಾತೇ ಕಿವಿಯಲ್ಲಿತ್ತು: "ನಾವು ಬೆಳೀತಿರೋದು ಅವರ ಕಣ್ಣು ಕುಕ್ಕುತ್ತೆ ಕಣೇ. ಈಗಲೇ ಸಿದ್ಧವಾಗದಿದ್ರೆ ತಲೆ ಎತ್ತೋಕೆ ಬಿಡಲ್ಲ." ಅದಕ್ಕೆ ಅಮ್ಮ, "ನೀನು ತೋಳೇರಿಸಿದ್ರೆ ಅವರು ಸುಮ್ನೆ ಕೂರ್ತಾರೇನೋ?" ಅಂದಿದ್ದಳು. ಅಂದಿನಿಂದ ನೀನು ಮನೆಗೆ ಬಂದಿಲ್ಲ. ನನಗೆ ಇಬ್ಬರ ಮಾತೂ ಸರಿಯೆನಿಸುತ್ತದೆ. ಅದಕ್ಕೇ ಇರಬೇಕು, ಕನಸಿನಲ್ಲಿ ಆ ಹಡಗುಗಳು ಸದ್ದಿಲ್ಲದೆ ನಮ್ಮ ಬೀದಿಯಲ್ಲಿ ತೇಲಿಬರುತ್ತವೆ. ಅಮ್ಮ ಒಣಗಿದ ಬಟ್ಟೆ ಸರಿಸಿ ದಾರಿ ಬಿಡುತ್ತಾಳೆ.

ನಿನ್ನೆ ಮೇಜಿನ ಮೇಲೆ ಹಡಗು ಸರಿಸಿ ಆಡುವ ನಿಮ್ಮ ಯುದ್ಧದ ಆಟ ಮುಗಿದ ಮೇಲೆ ಮಾದರಿ ರಿಪೇರಿಗೆ ನಿಮ್ಮ ಕಚೇರಿಗೆ ಬಂದಿದ್ದೆ. "ಗೆದ್ವಿ ಮೇಡಂ!" ಎಂದರು ಅದೇ ಅಧಿಕಾರಿ. ಮೇಜಿನ ತುಂಬ ನಮ್ಮದೇ ಹಡಗುಗಳು. ಊರೆಲ್ಲಿ ಎಂದು ಕೇಳಿದೆ. ಹಡಗುಗಳಿಗೆ ಜಾಗ ಸಾಲದೆ ಊರಿನ ಹಲಗೆಯನ್ನೇ ಎತ್ತಿ ಕುರ್ಚಿಯ ಕೆಳಗೆ ಇಟ್ಟಿದ್ದರಂತೆ.

ಅದನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಮನೆಗೆ ತಂದಿದ್ದೇನೆ. ಅಮ್ಮ ಕಿಟಕಿಯ ಬಳಿ ಇಟ್ಟುಕೊಂಡಿದ್ದಾಳೆ. ಮುಂದಿನ ಆಟಕ್ಕೆ ಊರು ಬೇಕಾದರೆ ಆಳನ್ನು ಕಳಿಸಬೇಡ, ನೀನೇ ಬಾ. ಕಿತ್ತುಬಂದಿದ್ದ ನಮ್ಮ ಮನೆಯ ಮಹಡಿಗೆ ಹಾಕಿದ ಅಂಟು ಇನ್ನೂ ಹಸಿಯಾಗಿದೆ. ಎತ್ತಲು ಎರಡೂ ಕೈ ಬೇಕು. ಬರುವಾಗ ಕೈಯಲ್ಲಿ ಬೇರೇನೂ ಹಿಡಿದುಕೊಂಡು ಬರಬೇಡ.

ದಾರಿ ನೋಡುತ್ತಿರುವ
ನಿನ್ನ ತಂಗಿ